ಕೊಲೊಸ್ಟಮಿ ಆದ ಮೇಲೆ ಸೋರಿಕೆ ಮತ್ತು ಚರ್ಮದ ಉರಿ: ಯಾವ ಬ್ಯಾಗ್, ಯಾವ ತಟ್ಟೆ, ಯಾರಿಗೆ?

ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿ, ಮಲ ಅಲ್ಲಿಂದಲೇ ಬ್ಯಾಗಿಗೆ ಬರುವಂತೆ ಮಾಡುವ ಕೊಲೊಸ್ಟಮಿ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದವರು, ಅವರಿಗಿಂತ ಹೆಚ್ಚಾಗಿ ಅವರನ್ನು ನೋಡಿಕೊಳ್ಳುವ ಮನೆಯವರು, ಮೊದಲ ಕೆಲವು ವಾರಗಳಲ್ಲಿ ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಯಾವ ಬ್ಯಾಗ್ ಕೊಂಡರೆ ಸೋರುವುದಿಲ್ಲ? ಸರ್ಜಿಕಲ್ ಅಂಗಡಿಯವರು ಒಂದು ಭಾಗದ್ದು, ಎರಡು ಭಾಗದ್ದು, ಚರ್ಮಕ್ಕೆ ಅಂಟುವ ತಟ್ಟೆ ಉಬ್ಬಿರುವುದು, ಪೇಸ್ಟ್, ಪೌಡರ್, ರಿಂಗ್ ಎಂದು ಒಂದೊಂದನ್ನೇ ಮೇಜಿನ ಮೇಲೆ ಇಡುತ್ತಾ ಹೋದಂತೆ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನನ್ನ ತಂದೆಯವರಿಗೆ ಗುದನಾಳದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಶಾಶ್ವತ ಕೊಲೊಸ್ಟಮಿ ಆದಾಗ ನಾನೂ ಎರಡು ತಿಂಗಳು ಹೀಗೆಯೇ ಅಲೆದೆ. ನಾಲ್ಕು ಬಗೆಯ ಬ್ಯಾಗ್ ಬದಲಾಯಿಸಿದೆವು. ರಾತ್ರಿ ಎರಡು ಗಂಟೆಗೆ ಹಾಸಿಗೆ ಬದಲಾಯಿಸುವುದು ಮಾತ್ರ ತಪ್ಪಲಿಲ್ಲ, ಸ್ಟೋಮಾದ, ಅಂದರೆ ಕರುಳಿನ ಆ ಬಾಯಿಯ, ಸುತ್ತಲಿನ ಚರ್ಮ ಸುಟ್ಟ ಗಾಯದಂತೆ ಕೆಂಪಾಯಿತು. ಕೊನೆಗೆ ಒಬ್ಬ ಸ್ಟೋಮಾ ನರ್ಸ್, ಹೊಸ ಬ್ಯಾಗನ್ನು ತೋರಿಸುವ ಬದಲು, ಆಗಷ್ಟೇ ಕಿತ್ತ ಹಳೆಯ ಬ್ಯಾಗನ್ನು ತಿರುಗಿಸಿ ಅದರ ಹಿಂಬದಿಯನ್ನು ನೋಡಲು ಹೇಳಿಕೊಟ್ಟರು. ಸೋರಿಕೆ ಎಲ್ಲಿಂದ, ಏಕೆ ಆಗುತ್ತಿದೆ ಎಂಬುದು ತಿಳಿಯದೆ ಯಾವ ದುಬಾರಿ ಬ್ಯಾಗ್ ಕೊಂಡರೂ ಅದು ಕುರುಡು ಖರೀದಿಯೇ ಎಂಬುದನ್ನು ಅಂದು ಕಲಿತೆ. ಈ ಬರಹವನ್ನು ಆ ಕ್ರಮದಲ್ಲಿಯೇ ಇಟ್ಟಿದ್ದೇನೆ: ಮೊದಲು ನೋಡಬೇಕಾದದ್ದು, ಆಮೇಲೆ ಕೊಳ್ಳಬೇಕಾದದ್ದು.

ಕೊಳ್ಳುವ ಮೊದಲು ನೋಡಬೇಕಾದದ್ದು

ಮೊದಲನೆಯ ಮಾನದಂಡ ಮಲದ ಸ್ವರೂಪ. ದೊಡ್ಡ ಕರುಳಿನ ಕೊನೆಯ ಭಾಗದಿಂದ ತೆಗೆದ ಸ್ಟೋಮಾ ಸಾಮಾನ್ಯವಾಗಿ ಹೊಟ್ಟೆಯ ಎಡಭಾಗದಲ್ಲಿ, ಕೆಳಗೆ ಇರುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಕರುಳು ನೀರನ್ನು ಹೀರಿಕೊಂಡಿರುವುದರಿಂದ ಮಲ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ದೊಡ್ಡ ಕರುಳಿನ ಅಡ್ಡ ಭಾಗದಿಂದ ತೆಗೆದ, ಟ್ರಾನ್ಸ್‌ವರ್ಸ್ ಎಂದು ಕರೆಯುವ ಕೊಲೊಸ್ಟಮಿಯಲ್ಲಿ ಮಲ ಗಂಜಿಯಂತೆ ಇರುತ್ತದೆ, ಯಾವ ಹೊತ್ತಿನಲ್ಲಾದರೂ ಬರುತ್ತದೆ, ತಟ್ಟೆಯ ಅಡಿಗೆ ಬೇಗ ನುಸುಳುತ್ತದೆ. ಸಣ್ಣ ಕರುಳಿನಿಂದ ತೆಗೆದ ಇಲಿಯೊಸ್ಟಮಿಯ ದ್ರವದಲ್ಲಿ ಜೀರ್ಣರಸಗಳು ಇರುವುದರಿಂದ ಅದು ಚರ್ಮವನ್ನು ಇನ್ನೂ ಬೇಗ ತಿನ್ನುತ್ತದೆ. ಮನೆಯವರಲ್ಲಿ ಎಷ್ಟೋ ಮಂದಿಗೆ ತಮ್ಮವರಿಗೆ ಆಗಿರುವುದು ಇವುಗಳಲ್ಲಿ ಯಾವುದು ಎಂಬುದೇ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಅದು ಬರೆದಿರುತ್ತದೆ. ಅದನ್ನು ಅಂಗಡಿಗೆ ಒಯ್ಯುವುದು ಒಳ್ಳೆಯದು.

ಎರಡನೆಯದು ಆಕಾರ. ರೋಗಿ ಮಲಗಿರುವಾಗ ಚಪ್ಪಟೆಯಾಗಿ ಕಾಣುವ ಹೊಟ್ಟೆ, ಕುಳಿತಾಗ ಮಡಿಕೆಯಾಗುತ್ತದೆ. ಸ್ಟೋಮಾ ಚರ್ಮದಿಂದ ಹೊರಗೆ ಚಾಚಿಕೊಂಡಿದೆಯೇ, ಚರ್ಮದ ಮಟ್ಟಕ್ಕೆ ಇದೆಯೇ, ಒಳಗೆ ಸೇದಿಕೊಂಡಿದೆಯೇ ಎಂಬುದನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ಸ್ವಲ್ಪ ಬಗ್ಗಿಸಿ ನೋಡಬೇಕು. ಹೊಲಿಗೆಯ ಗೆರೆ, ಹೊಕ್ಕುಳು, ತೊಡೆಯ ಬಳಿಯ ಮಡಿಕೆ ಎಷ್ಟು ಹತ್ತಿರದಲ್ಲಿವೆ, ಲಂಗದ ಲಾಡಿ ಅಥವಾ ಪಂಚೆಯ ಕಟ್ಟು ಸ್ಟೋಮಾದ ಮೇಲೆಯೇ ಬೀಳುತ್ತದೆಯೇ ಎಂಬುದನ್ನೂ ಗಮನಿಸಬೇಕು. ಕೆಮ್ಮಿದಾಗ ಸ್ಟೋಮಾದ ಸುತ್ತ ಗಡ್ಡೆಯಂತೆ ಉಬ್ಬಿದರೆ ಹರ್ನಿಯಾ ಇರಬಹುದು, ಆಗ ಆಯ್ಕೆಯೇ ಬದಲಾಗುತ್ತದೆ.

ಇದರ ಜೊತೆಗೆ ಅಳತೆ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಊದಿಕೊಂಡಿರುವ ಸ್ಟೋಮಾ ಮೊದಲ ಆರರಿಂದ ಎಂಟು ವಾರಗಳಲ್ಲಿ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಮೊದಲ ದಿನ ಕತ್ತರಿಸಿಕೊಟ್ಟ ಅಳತೆಯನ್ನೇ ಮಾದರಿಯಾಗಿ ಇಟ್ಟುಕೊಂಡು ಎರಡು ತಿಂಗಳು ತಟ್ಟೆಯಲ್ಲಿ ಅದೇ ತೂತನ್ನು ಕತ್ತರಿಸುವ ಮನೆಗಳು ಬಹಳ, ನಮ್ಮದೂ ಅವುಗಳಲ್ಲೊಂದಾಗಿತ್ತು. ಸ್ಟೋಮಾ ಕುಗ್ಗಿದಂತೆ ತೂತಿನ ಅಂಚಿಗೂ ಸ್ಟೋಮಾಕ್ಕೂ ನಡುವೆ ಬರಿಯ ಚರ್ಮದ ಉಂಗುರ ಉಳಿಯುತ್ತದೆ, ಮಲ ಬಂದು ಅದರ ಮೇಲೆ ನಿಲ್ಲುತ್ತದೆ, ಚರ್ಮ ಬೇಯುತ್ತದೆ. ಆದ್ದರಿಂದ ಆ ಅವಧಿಯಲ್ಲಿ ವಾರಕ್ಕೊಮ್ಮೆ ಅಳೆದು, ಸ್ಟೋಮಾಕ್ಕಿಂತ 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ತೂತನ್ನು ಕತ್ತರಿಸಬೇಕು. ಸ್ಟೋಮಾ ದುಂಡಾಗಿಲ್ಲದಿದ್ದರೆ, ಪಾರದರ್ಶಕ ಹಾಳೆಯ ಮೇಲೆ ಅದರ ಆಕಾರವನ್ನೇ ಗುರುತಿಸಿಕೊಂಡು ಮಾದರಿ ಮಾಡಿಕೊಳ್ಳಬೇಕು. ಒಂದು ರೂಪಾಯಿ ಹೆಚ್ಚು ಖರ್ಚಿಲ್ಲದೆ ನಿಲ್ಲುವ ಸೋರಿಕೆ ಇದೊಂದೇ ಎಂದರೂ ತಪ್ಪಾಗದು.

ಉಳಿದ ಮಾನದಂಡಗಳನ್ನು ಬೇಗ ಹೇಳಬಹುದು: ಬ್ಯಾಗ್ ಬದಲಾಯಿಸುವವರ ಕೈ ನಡುಗುತ್ತದೆಯೇ, ಕಣ್ಣು ಕಾಣುತ್ತದೆಯೇ, ಊರಿನಲ್ಲಿ ಅಥವಾ ಹತ್ತಿರದ ಪಟ್ಟಣದಲ್ಲಿ ಯಾವುದು ನಿರಂತರವಾಗಿ ಸಿಗುತ್ತದೆ, ತಿಂಗಳಿಗೆ ಎಷ್ಟು ಖರ್ಚು ಮಾಡಲು ಸಾಧ್ಯ.

ಕಿತ್ತ ತಟ್ಟೆಯ ಹಿಂಬದಿ ಹೇಳುವುದು

ಚರ್ಮಕ್ಕೆ ಅಂಟುವ ತಟ್ಟೆಯನ್ನು ಅಂಗಡಿಗಳಲ್ಲಿ ಫ್ಲೇಂಜ್ ಎಂದೋ, ವೇಫರ್ ಎಂದೋ, ಬೇಸ್ ಪ್ಲೇಟ್ ಎಂದೋ ಕೇಳಬೇಕಾಗುತ್ತದೆ. ಪೆಕ್ಟಿನ್, ಜೆಲಾಟಿನ್, ಸೆಲ್ಯುಲೋಸ್ ಮೊದಲಾದವುಗಳಿಂದ ಮಾಡಿದ ಅದರ ಅಂಟು ಬೆವರನ್ನೂ ತೇವವನ್ನೂ ಹೀರಿಕೊಳ್ಳುತ್ತಾ ಚರ್ಮವನ್ನು ಕಾಯುತ್ತದೆ, ಹೀರಿಕೊಂಡಷ್ಟೂ ತಾನು ಉಬ್ಬಿ ಕರಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಇದೇ ಕೆಲಸಕ್ಕೆ ಕರಾಯ ಗೋಂದನ್ನು ಬಳಸುತ್ತಿದ್ದರು. ಅದು ನಮ್ಮ ದೇಶದ ಕಾಡುಗಳ ಮರದಿಂದಲೇ ಸಿಗುವ ಗೋಂದು. ಅಂಟು ಕರಗುವುದು ಅದರ ದೋಷವಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ. ನೋಡಬೇಕಾದದ್ದು ಎಷ್ಟು ಕರಗಿದೆ, ಯಾವ ಕಡೆಗೆ ಕರಗಿದೆ ಎಂಬುದನ್ನು.

ತೂತಿನ ಸುತ್ತ ಎಲ್ಲ ಕಡೆಯೂ ಸಮನಾಗಿ ಬಿಳಿಚಿ ಕರಗಿದ್ದು, ಮಲದ ಗುರುತು ಇಲ್ಲದಿದ್ದರೆ, ಅಳತೆ ಸರಿಯಿದೆ, ದಿನ ತುಸು ಹೆಚ್ಚಾಗಿದೆ ಎಂದರ್ಥ. ಒಂದು ದಿನ ಮುಂಚೆ ಬದಲಾಯಿಸಿದರೆ ಸಾಕು. ಒಂದೇ ದಿಕ್ಕಿನಲ್ಲಿ, ಉದಾಹರಣೆಗೆ ಗಡಿಯಾರದ ಐದು ಗಂಟೆಯ ಕಡೆಗೆ, ಮಲ ನಾಲಿಗೆಯಂತೆ ಹರಿದಿದ್ದರೆ ಅಲ್ಲೊಂದು ಮಡಿಕೆಯೋ ತಗ್ಗೋ ಇದೆ, ಅದನ್ನು ತುಂಬಬೇಕು. ಸುತ್ತಲೂ ಮಲ ನುಗ್ಗಿದ್ದರೆ ತೂತು ದೊಡ್ಡದಾಗಿದೆ, ಇಲ್ಲವೇ ಸ್ಟೋಮಾ ಚರ್ಮದ ಮಟ್ಟಕ್ಕಿಂತ ಕೆಳಗಿದೆ. ತಟ್ಟೆಯ ಹಿಂಬದಿ ಚೊಕ್ಕಟವಾಗಿದ್ದೂ ಮೇಲಿನ ಅಂಚಿನಿಂದ ಸೋರಿದ್ದರೆ, ಗಟ್ಟಿ ಮಲ ಬ್ಯಾಗಿನ ಕೆಳಗೆ ಇಳಿಯದೆ ಸ್ಟೋಮಾದ ಬಾಯಲ್ಲಿಯೇ ದೋಸೆಯಂತೆ ಹರಡಿ ತಟ್ಟೆಯನ್ನು ಎಬ್ಬಿಸುತ್ತಿದೆ. ಇದು ಕೊಲೊಸ್ಟಮಿಯವರಿಗೆ ವಿಶೇಷವಾಗಿ ಕಾಡುವ ತೊಂದರೆ. ಬ್ಯಾಗಿನೊಳಗಿನ ಗಾಳಿಯೆಲ್ಲ ಫಿಲ್ಟರಿನ ಮೂಲಕ ಹೊರಗೆ ಹೋಗಿ ಅದರ ಎರಡು ಗೋಡೆಗಳು ಅಂಟಿಕೊಂಡಾಗ ಹೀಗಾಗುತ್ತದೆ. ಫಿಲ್ಟರಿನ ಮೇಲೆ ಅದರ ಜೊತೆಗೇ ಬರುವ ಚಿಕ್ಕ ಸ್ಟಿಕರನ್ನು ಅಂಟಿಸುವುದು, ಬ್ಯಾಗನ್ನು ಮೈಗೆ ಅಂಟಿಸುವ ಮೊದಲು ಅದರೊಳಗೆ ಸ್ವಲ್ಪ ಗಾಳಿ ತುಂಬುವುದು, ಒಳಗೋಡೆಗೆ ಜಾರುವ ಲೂಬ್ರಿಕೆಂಟ್ ಹಾಕುವುದು, ನೀರು ಸಾಕಷ್ಟು ಕುಡಿಯುವುದು ಇದಕ್ಕೆ ಪರಿಹಾರ. ತಟ್ಟೆ ಬದಲಾಯಿಸಿದರೆ ಇದು ಹೋಗುವುದಿಲ್ಲ.

ಒಂದು ಭಾಗದ ಬ್ಯಾಗೋ, ಎರಡು ಭಾಗದ್ದೋ

ಒಂದು ಭಾಗದ ಬ್ಯಾಗಿನಲ್ಲಿ ತಟ್ಟೆಯೂ ಚೀಲವೂ ಸೇರಿಕೊಂಡೇ ಇರುತ್ತವೆ. ಅದು ತೆಳು, ಬಾಗುತ್ತದೆ, ಬಟ್ಟೆಯ ಮೇಲೆ ಉಬ್ಬಿ ಕಾಣುವುದಿಲ್ಲ, ಕೂಡಿಸುವ ಜೋಡಣೆ ಇಲ್ಲದ್ದರಿಂದ ಕೈ ನಡುಗುವ ವಯಸ್ಸಾದವರಿಗೆ ಸುಲಭ, ಒಂದೊಂದರ ಬೆಲೆಯೂ ಕಡಿಮೆ. ಆದರೆ ಬದಲಾಯಿಸಿದಾಗಲೆಲ್ಲ ಚರ್ಮದಿಂದ ಅಂಟನ್ನು ಕೀಳಲೇಬೇಕು. ಚರ್ಮ ಈಗಾಗಲೇ ಹಸಿಯಾಗಿರುವವರಿಗೆ, ದಿನಕ್ಕೆ ಎರಡು ಸಲ ಬದಲಾಯಿಸಬೇಕಾದವರಿಗೆ ಮುಚ್ಚಿದ ಬಾಯಿಯ ಒಂದು ಭಾಗದ ಬ್ಯಾಗನ್ನು ನಾನು ಸೂಚಿಸುವುದಿಲ್ಲ. ಕೆಳಗೆ ಬಾಯಿ ತೆರೆದು ಖಾಲಿ ಮಾಡುವಂಥದ್ದನ್ನು ತೆಗೆದುಕೊಂಡರೆ ಎರಡು ಮೂರು ದಿನ ಕೀಳದೆ ಇರಬಹುದು.

ಎರಡು ಭಾಗದ್ದರಲ್ಲಿ ತಟ್ಟೆ ಮೂರು ನಾಲ್ಕು ದಿನ ಚರ್ಮದ ಮೇಲೆಯೇ ಇರುತ್ತದೆ, ಚೀಲವನ್ನಷ್ಟೇ ಬದಲಾಯಿಸಬಹುದು. ಚರ್ಮಕ್ಕೆ ವಿಶ್ರಾಂತಿ ಸಿಗುವುದು ಇದರ ದೊಡ್ಡ ಲಾಭ. ಚೀಲವನ್ನು ತೆಗೆದು ಸ್ಟೋಮಾವನ್ನು ನೇರವಾಗಿ ನೋಡಬಹುದು, ಕೆಲಸಕ್ಕೆ ಹೋಗುವಾಗ ಚಿಕ್ಕ ಚೀಲ, ರಾತ್ರಿಗೆ ದೊಡ್ಡ ಚೀಲ ಹಾಕಿಕೊಳ್ಳಬಹುದು. ತೊಂದರೆಯೆಂದರೆ ಪ್ಲಾಸ್ಟಿಕ್ ಉಂಗುರದ ಜೋಡಣೆ ಗಡುಸಾಗಿರುತ್ತದೆ, ಬಗ್ಗಿದಾಗ ಮಡಿಕೆಯಿರುವ ಹೊಟ್ಟೆಯಲ್ಲಿ ತಟ್ಟೆಯನ್ನು ಎಬ್ಬಿಸುತ್ತದೆ. ಉಂಗುರ ಸರಿಯಾಗಿ ಕೂತಿದೆಯೇ ಎಂದು ಸುತ್ತಲೂ ಒತ್ತಿ, ಮೆಲ್ಲಗೆ ಎಳೆದು ನೋಡಬೇಕು. ಹೊಸದಾಗಿ ಹೊಲಿಗೆ ಹಾಕಿದ ಹೊಟ್ಟೆಯನ್ನು ಹಾಗೆ ಒತ್ತುವುದು ನೋವಿನ ಕೆಲಸ. ಉಂಗುರದ ಬದಲು ಅಂಟಿನಿಂದ ಕೂಡುವ ಬಗೆಯೂ ಇದೆ, ಅದು ಮೆತ್ತಗೆ, ಆದರೆ ಅಂಟು ಮುದುಡದಂತೆ ಕೂಡಿಸಲು ಕಣ್ಣು, ಕೈ ಚೆನ್ನಾಗಿರಬೇಕು. ಕೊಳ್ಳುವಾಗ ತಟ್ಟೆ ಮತ್ತು ಚೀಲ ಒಂದೇ ಕಂಪನಿಯ, ಒಂದೇ ಅಳತೆಯ ಉಂಗುರದವು ಎಂಬುದನ್ನು ಎರಡು ಸಲ ನೋಡಬೇಕು. ಕೊಲೋಪ್ಲಾಸ್ಟ್, ಕಾನ್ವಾಟೆಕ್, ಹಾಲಿಸ್ಟರ್ ಇವುಗಳ ಉಂಗುರಗಳು ಒಂದಕ್ಕೊಂದು ಕೂಡುವುದಿಲ್ಲ.

ಖರ್ಚನ್ನು ಬ್ಯಾಗಿನ ಬೆಲೆಯಿಂದ ಅಳೆದರೆ ಮೋಸ ಹೋಗುತ್ತೇವೆ. ಲೆಕ್ಕ ತಿಳಿಯಲೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ: 150 ರೂಪಾಯಿಯ ಬ್ಯಾಗ್ ಒಂದೇ ದಿನಕ್ಕೆ ಸೋರಿದರೆ ದಿನಕ್ಕೆ 150, 400 ರೂಪಾಯಿಯ ಜೋಡಿ ನಾಲ್ಕು ದಿನ ನಿಂತರೆ ದಿನಕ್ಕೆ 100. ತಮ್ಮ ಊರಿನ ಬೆಲೆಗಳನ್ನು ಹಾಕಿ ಈ ಭಾಗಾಕಾರ ಮಾಡಿಕೊಂಡವರಿಗೆ, ಅಗ್ಗವೆಂದು ಕೊಂಡದ್ದೇ ತುಟ್ಟಿಯಾಗಿದ್ದದ್ದು ಹಲವು ಸಲ ಕಾಣುತ್ತದೆ.

ತೀರ ಕಡಿಮೆ ಬೆಲೆಗೆ ಸಿಗುವ, ಬೆಲ್ಟಿನಿಂದ ಸೊಂಟಕ್ಕೆ ಕಟ್ಟಿ ಉಂಗುರಕ್ಕೆ ಪಾಲಿಥೀನ್ ಚೀಲ ಸಿಕ್ಕಿಸುವ ಕಿಟ್‌ಗಳ ಬಗ್ಗೆಯೂ ಹೇಳಬೇಕು. ಕೈಯಲ್ಲಿ ಹಣವಿಲ್ಲದವರು ಇವನ್ನೇ ಬಳಸುತ್ತಾರೆ, ಅವರನ್ನು ತಪ್ಪೆನ್ನುವ ಹಕ್ಕು ನನಗಿಲ್ಲ. ಇವುಗಳಲ್ಲಿ ಚರ್ಮವನ್ನು ಕಾಯುವ ಅಂಟಿನ ಪದರವೇ ಇರುವುದಿಲ್ಲ, ಮಲ ಚರ್ಮದ ಮೇಲೆ ಹರಡುತ್ತದೆ. ಮಲ ಗಟ್ಟಿಯಾಗಿ, ದಿನಕ್ಕೊಂದು ಎರಡು ಸಲ ಗೊತ್ತಾದ ಹೊತ್ತಿಗೆ ಬರುವ ಎಡಭಾಗದ ಕೊಲೊಸ್ಟಮಿಯವರಿಗೆ, ಬಂದ ಕೂಡಲೇ ತೊಳೆದುಕೊಳ್ಳುವ ಅನುಕೂಲವಿದ್ದರೆ, ಇದು ನಡೆದೀತು. ಮಲ ತೆಳ್ಳಗಿರುವವರಿಗೆ ಇದು ಬೇಡ. ಹಣದ ಕೊರತೆ ಇರುವವರು ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ಸಮಾಜ ಸೇವಾ ವಿಭಾಗವನ್ನೂ, ಮುಂಬಯಿಯಲ್ಲಿರುವ ಆಸ್ಟಮಿ ಅಸೋಸಿಯೇಶನ್ ಆಫ್ ಇಂಡಿಯಾವನ್ನೂ ಕೇಳಿ ನೋಡಬಹುದು.

ಚಪ್ಪಟೆ ತಟ್ಟೆಯೋ, ಉಬ್ಬು ತಟ್ಟೆಯೋ

ಸ್ಟೋಮಾ ಹೊರಗೆ ಚಾಚಿಕೊಂಡಿದ್ದು ಸುತ್ತಲಿನ ಚರ್ಮ ಸಮವಾಗಿದ್ದರೆ ಚಪ್ಪಟೆ ತಟ್ಟೆಯೇ ಸಾಕು, ಅದೇ ಮೆತ್ತಗೆ, ಅದೇ ಅಗ್ಗ. ಸ್ಟೋಮಾ ಚರ್ಮದ ಮಟ್ಟಕ್ಕೆ ಇದ್ದರೆ ಅಥವಾ ಒಳಗೆ ಸೇದಿಕೊಂಡಿದ್ದರೆ, ಮಲ ಬ್ಯಾಗಿಗೆ ಬೀಳುವ ಮೊದಲೇ ತಟ್ಟೆಯ ಅಡಿಗೆ ನುಗ್ಗುತ್ತದೆ. ಹಿಂಬದಿ ಉಬ್ಬಿರುವ, ಕಾನ್ವೆಕ್ಸ್ ಎನ್ನುವ ತಟ್ಟೆ ಸುತ್ತಲಿನ ಚರ್ಮವನ್ನು ಒಳಕ್ಕೆ ಒತ್ತಿ ಸ್ಟೋಮಾವನ್ನು ಮುಂದಕ್ಕೆ ತರುತ್ತದೆ. ನನ್ನ ತಂದೆಯವರಿಗೆ ಸೋರಿಕೆ ನಿಂತದ್ದು ಇದರಿಂದಲೇ. ಮೆತ್ತನೆಯ ಉಬ್ಬಿನ ತಟ್ಟೆ, ಅದಕ್ಕೊಂದು ಬೆಲ್ಟ್. ಹಾಗೆಂದು ಎಲ್ಲರೂ ಇದನ್ನೇ ಕೊಳ್ಳಬೇಕೆಂದು ನಾನು ಹೇಳಲಾರೆ. ಉಬ್ಬು ಎಂದರೆ ದಿನವಿಡೀ ಚರ್ಮದ ಮೇಲಿನ ಒತ್ತಡ. ಹರ್ನಿಯಾ ಇರುವವರಲ್ಲಿ, ಸ್ಟೋಮಾದ ಅಂಚಿನ ಹೊಲಿಗೆ ಬಿಟ್ಟುಕೊಂಡಿರುವವರಲ್ಲಿ, ಯಕೃತ್ತಿನ ಕಾಯಿಲೆಯಿಂದ ಸ್ಟೋಮಾದ ಸುತ್ತ ನೀಲಿ ರಕ್ತನಾಳಗಳು ಉಬ್ಬಿರುವವರಲ್ಲಿ ಆ ಒತ್ತಡ ಹುಣ್ಣನ್ನೋ ರಕ್ತಸ್ರಾವವನ್ನೋ ತರಬಹುದು. ಉಬ್ಬು ತಟ್ಟೆಯನ್ನು ಸ್ಟೋಮಾ ನರ್ಸ್ ಅಥವಾ ಶಸ್ತ್ರವೈದ್ಯರು ನೋಡಿದ ಮೇಲೆಯೇ ಬಳಸತೊಡಗಬೇಕು. ಹಾಕಿದ ಮೇಲೆ ಕಿತ್ತಾಗಲೆಲ್ಲ ಚರ್ಮದ ಮೇಲೆ ಅಳಿಸದ ಕೆಂಪು ಉಂಗುರ ಬಿದ್ದಿದೆಯೇ ಎಂದು ನೋಡಬೇಕು. ಹರ್ನಿಯಾದಿಂದ ಹೊಟ್ಟೆಯೇ ಹೊರಗೆ ಉಬ್ಬಿದ್ದರೆ ಬಾಗುವ ಚಪ್ಪಟೆ ತಟ್ಟೆ ಅಥವಾ ಒಳಬಾಗಿದ ತಟ್ಟೆ ಹೊಂದುತ್ತದೆ.

ರಿಂಗ್, ಪೇಸ್ಟ್, ಪೌಡರ್: ಯಾವುದು ಯಾವ ಕೆಲಸಕ್ಕೆ

ಹೆಚ್ಚು ಹಣ ಪೋಲಾಗುವುದು ಇಲ್ಲಿ, ಏಕೆಂದರೆ ಮೂರನ್ನೂ “ಸೋರದಿರಲು” ಎಂದೇ ಮಾರುತ್ತಾರೆ. ಪೇಸ್ಟ್ ಹೆಸರಿನಿಂದ ಅಂಟಿನಂತೆ ತೋರಿದರೂ ಅದು ಅಂಟಲ್ಲ; ಗೋಡೆಯ ಬಿರುಕು ಮುಚ್ಚುವ ಪುಟ್ಟಿಯಂತೆ ತಗ್ಗನ್ನು ತುಂಬುವುದಷ್ಟೇ ಅದರ ಕೆಲಸ. ತಟ್ಟೆಯ ತುಂಬ ಬಳಿದರೆ ಹಿಡಿತ ತಪ್ಪುತ್ತದೆ. ಹಲವು ಪೇಸ್ಟ್‌ಗಳಲ್ಲಿ ಆಲ್ಕೊಹಾಲ್ ಇರುವುದರಿಂದ ಹಸಿ ಚರ್ಮಕ್ಕೆ ತಾಗಿದರೆ ಬೆಂಕಿಯಂತೆ ಉರಿಯುತ್ತದೆ. ಆಲ್ಕೊಹಾಲ್ ಇಲ್ಲದ, ಕಣಕದಂತೆ ಕೈಯಲ್ಲಿ ಹಿಗ್ಗಿಸಿ ಸ್ಟೋಮಾದ ಸುತ್ತ ಕೂರಿಸುವ ರಿಂಗ್ ಬೆಲೆ ಹೆಚ್ಚು, ಆದರೆ ಉರಿಯುವುದಿಲ್ಲ, ತೆಳು ಮಲವನ್ನು ಹೆಚ್ಚು ಹೊತ್ತು ತಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಒಂದೇ ಕಡೆ ಚಿಕ್ಕ ಮಡಿಕೆಯಿದ್ದು ಚರ್ಮ ಗಟ್ಟಿಯಾಗಿರುವವರಿಗೆ ಪೇಸ್ಟ್ ಸಾಕು, ಹಣ ಉಳಿಯುತ್ತದೆ; ಚರ್ಮ ಹಸಿಯಾಗಿರುವವರಿಗೆ, ಮಲ ತೆಳ್ಳಗಿರುವವರಿಗೆ ರಿಂಗೇ ಬೇಕು, ಮಡಿಕೆ ಒಂದೇ ಕಡೆ ಇದ್ದರೆ ಅರ್ಧ ರಿಂಗನ್ನು ಅಲ್ಲಿಗಷ್ಟೇ ಇಡಬಹುದು.

ಸ್ಟೋಮಾ ಪೌಡರ್ ಒಸರುವ ಚರ್ಮಕ್ಕೆ ಮಾತ್ರ. ಅದು ತೇವವನ್ನು ಹೀರಿ, ತಟ್ಟೆ ಅಂಟಲು ಒಣ ನೆಲ ಮಾಡಿಕೊಡುತ್ತದೆ. ಚಿಮುಕಿಸಿ, ಹೆಚ್ಚಾದುದನ್ನು ಕೊಡವಿ, ಮೇಲೆ ಚರ್ಮಕ್ಕೆ ತೆಳು ಪೊರೆ ಕಟ್ಟುವ, ಆಲ್ಕೊಹಾಲ್ ಇಲ್ಲದ ಬ್ಯಾರಿಯರ್ ಫಿಲ್ಮನ್ನು ತಟ್ಟಿ ಒಣಗಿಸಬೇಕು. ಹೆಚ್ಚು ಒಸರುತ್ತಿದ್ದರೆ ಎರಡು ಮೂರು ಪದರ ಹೀಗೆಯೇ ಹಾಕಬೇಕು. ಚರ್ಮ ಮಾಗಿದ ದಿನ ಪೌಡರನ್ನು ನಿಲ್ಲಿಸಬೇಕು, ಒಣ ಚರ್ಮದ ಮೇಲೆ ಅದು ಅಂಟನ್ನು ಕೆಡಿಸುತ್ತದೆ. ಮೈಗೆ ಹಾಕುವ ಸುವಾಸನೆಯ ಪೌಡರ್ ಇದಕ್ಕೆ ಬದಲಿಯಲ್ಲ. ನಮ್ಮ ಮನೆಗಳಲ್ಲಿ ಉರಿಗೆ ಕೊಬ್ಬರಿ ಎಣ್ಣೆ, ತುಪ್ಪ, ಅರಿಶಿನ ಹಚ್ಚುವುದು ಪ್ರೀತಿಯಿಂದಲೇ. ಜಿಡ್ಡಿನ ಮೇಲೆ ಯಾವ ತಟ್ಟೆಯೂ ನಿಲ್ಲುವುದಿಲ್ಲ, ಸೋರಿಕೆ ಇನ್ನೂ ಹೆಚ್ಚುತ್ತದೆ. ಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ ಸಾಕು, ಡೆಟಾಲ್ ಬೇಡ. ಅಂಟಿಸಿದ ಮೇಲೆ ಕೆಲವು ನಿಮಿಷ ಅಂಗೈಯನ್ನು ತಟ್ಟೆಯ ಮೇಲೆ ಇಟ್ಟುಕೊಂಡರೆ ಮೈಬಿಸಿಗೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಬೆಳಗ್ಗೆ ತಿಂಡಿಗೆ ಮೊದಲು ಬದಲಾಯಿಸಿದರೆ ಸ್ಟೋಮಾ ಬಹುಮಟ್ಟಿಗೆ ಸುಮ್ಮನಿರುತ್ತದೆ.

ಕೆಂಪಾಗಿರುವುದೆಲ್ಲ ಮಲದ ಉರಿಯಲ್ಲ ಎಂಬುದನ್ನೂ ಗಮನಿಸಬೇಕು. ಸ್ಟೋಮಾಕ್ಕೆ ಒತ್ತಿಕೊಂಡೇ ಹಸಿಯಾಗಿದ್ದರೆ ಅದು ಸೋರಿಕೆಯಿಂದ ಆದದ್ದು. ತಟ್ಟೆಯ ಆಕಾರವನ್ನೇ ಅಚ್ಚೊತ್ತಿದಂತೆ ಕೆಂಪಾಗಿ ತುರಿಸಿದರೆ ಆ ಅಂಟಿಗೆ ಅಲರ್ಜಿ ಇರಬಹುದು. ಆಗ ಕಂಪನಿ ಬದಲಾಯಿಸುವುದಕ್ಕೆ ಅರ್ಥವಿದೆ. ಕೆಂಪು ಪ್ರದೇಶದ ಹೊರಗೆ ಚಿಕ್ಕ ಚಿಕ್ಕ ಗುಳ್ಳೆಗಳು ಚದುರಿದ್ದು ತುರಿಕೆ ವಿಪರೀತವಿದ್ದರೆ ಫಂಗಸ್ ಸೋಂಕು ಇರಬಹುದು, ನಮ್ಮ ಕರಾವಳಿಯ ಸೆಕೆಯಲ್ಲಿ ಅದಕ್ಕೆ ಅನುಕೂಲವೂ ಹೆಚ್ಚು. ಅದಕ್ಕೆ ವೈದ್ಯರು ಬರೆದುಕೊಡುವ ಫಂಗಸ್ ವಿರುದ್ಧದ ಪೌಡರ್ ಬೇಕು, ಸ್ಟೋಮಾ ಪೌಡರಿನಿಂದ ಅದು ಹೋಗದು. ಕೂದಲಿನ ಬುಡದಲ್ಲಿ ಕೀವುಗುಳ್ಳೆಯಾದರೆ ರೇಜರ್ ಬಿಟ್ಟು ಟ್ರಿಮ್ಮರಿನಿಂದ ಕತ್ತರಿಸಬೇಕು. ತಟ್ಟೆಯ ಕೆಳಗೆ ಉರಿ ಅಥವಾ ತುರಿಕೆ ಶುರುವಾದರೆ, ಬದಲಾಯಿಸುವ ದಿನ ಬಂದಿಲ್ಲವೆಂದು ಕಾಯಬಾರದು, ಸೋರುತ್ತಿರುವ ಅಂಚಿಗೆ ಟೇಪ್ ಸುತ್ತಿ ರಾತ್ರಿ ಕಳೆಯಲೂಬಾರದು.

ಇರಿಗೇಶನ್ ಎಂಬ ಇನ್ನೊಂದು ದಾರಿ

ಎಡಭಾಗದ ಶಾಶ್ವತ ಕೊಲೊಸ್ಟಮಿ ಇರುವವರಿಗೆ ಬ್ಯಾಗಿನ ಮೇಲಿನ ಅವಲಂಬನೆಯನ್ನೇ ಕಡಿಮೆ ಮಾಡುವ ವಿಧಾನವಿದು. ಕುಡಿಯಲು ಯೋಗ್ಯವಾದ, ಉಗುರುಬೆಚ್ಚಗಿನ 500ರಿಂದ 1000 ಮಿಲಿಲೀಟರ್ ನೀರನ್ನು, ಮೆತ್ತನೆಯ ಕೋನಿನ ಮೂಲಕ ಸ್ಟೋಮಾದೊಳಗೆ ನಿಧಾನವಾಗಿ ಬಿಟ್ಟು, ಕರುಳನ್ನು ಗೊತ್ತಾದ ಹೊತ್ತಿಗೆ ಖಾಲಿ ಮಾಡಲಾಗುತ್ತದೆ. ಅಭ್ಯಾಸವಾದ ಮೇಲೆ ಮುಂದಿನ ಒಂದು ದಿನವೋ ಎರಡು ದಿನವೋ ಮಲ ಬಾರದೆ, ಚಿಕ್ಕ ಮುಚ್ಚಳದಂಥ ಬ್ಯಾಗಿನಲ್ಲಿ ಕಳೆಯಬಹುದು. ಕಿಟ್ಟನ್ನು ಒಮ್ಮೆ ಕೊಂಡರೆ ಬಹುಕಾಲ ಬರುವುದರಿಂದ ತಿಂಗಳ ಖರ್ಚು ಇಳಿಯುತ್ತದೆ, ಚರ್ಮಕ್ಕೆ ಮಲ ತಾಗುವುದೇ ವಿರಳವಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಸಮಯ: ಪ್ರತಿ ಸಲವೂ 45 ನಿಮಿಷದಿಂದ ಒಂದು ಗಂಟೆ, ಅದೂ ಅದೇ ಹೊತ್ತಿಗೆ, ಬೇರೆಯವರು ಬಾಗಿಲು ತಟ್ಟದ ಬಚ್ಚಲುಮನೆಯಲ್ಲಿ. ಒಂದೇ ಬಚ್ಚಲಿರುವ ತುಂಬು ಕುಟುಂಬದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಟ್ರಾನ್ಸ್‌ವರ್ಸ್ ಕೊಲೊಸ್ಟಮಿ, ಇಲಿಯೊಸ್ಟಮಿ, ಹರ್ನಿಯಾ, ಸ್ಟೋಮಾ ಹೊರಗೆ ಜಾರಿರುವುದು, ಕಿಮೋ ನಡೆಯುತ್ತಿರುವಾಗಿನ ಭೇದಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇವು ಇರುವವರಿಗೆ ಇದು ಹೊಂದುವುದಿಲ್ಲ. ವಿಡಿಯೋ ನೋಡಿ ಮನೆಯಲ್ಲಿ ಶುರು ಮಾಡುವ ಕೆಲಸ ಇದಲ್ಲ. ಶಸ್ತ್ರವೈದ್ಯರ ಒಪ್ಪಿಗೆ ಪಡೆದು, ಮೊದಲ ಕೆಲವು ಸಲ ಸ್ಟೋಮಾ ನರ್ಸ್ ಎದುರಿನಲ್ಲಿಯೇ ಮಾಡಬೇಕು.

ಯಾವುದನ್ನು ಆರಿಸಿಕೊಂಡರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎಷ್ಟು ದಿನ ನಿಂತಿತು, ಎಷ್ಟು ಗಂಟೆಯ ದಿಕ್ಕಿನಲ್ಲಿ ಸೋರಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ತಟ್ಟೆ, ರಿಂಗ್, ಬೆಲ್ಟ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದೆ ಮೂರಕ್ಕೂ ಹಣ ತೆರುತ್ತಾ ಹೋಗಬೇಕಾಗುತ್ತದೆ. ಮೊದಲ ಎಂಟು ವಾರಗಳಲ್ಲಿ ಇಡೀ ಪೆಟ್ಟಿಗೆ ಕೊಳ್ಳದೆ, ಬಿಡಿಯಾಗಿ ಎರಡು ಮೂರು ಕೇಳಿ ಪಡೆಯುವುದು ಲೇಸು. ಸ್ಟೋಮಾದ ಕೆಂಪು ಬಣ್ಣ ನೇರಳೆಗೋ ಕಪ್ಪಿಗೋ ತಿರುಗಿದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮಲವೂ ಗಾಳಿಯೂ ನಿಂತು ಹೊಟ್ಟೆನೋವು ವಾಂತಿ ಶುರುವಾದರೆ ಯಾವ ಬ್ಯಾಗಿನ ವಿಚಾರವನ್ನೂ ಬದಿಗಿಟ್ಟು ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಅಂಥದ್ದೇನೂ ಇಲ್ಲದೆ ಕೇವಲ ಸೋರಿಕೆಯೇ ಮುಂದುವರಿದರೆ, ಸ್ಟೋಮಾ ಕ್ಲಿನಿಕ್ಕಿಗೆ ಹೋಗುವ ದಿನ ಕಿತ್ತ ತಟ್ಟೆಯನ್ನು ಎಸೆಯದೆ ಒಂದು ಕವರಿನಲ್ಲಿ ಹಾಕಿ ಒಯ್ಯಿರಿ. ಅದು ಸಾಧ್ಯವಾಗದಿದ್ದರೆ ಅದರ ಹಿಂಬದಿಯ ಫೋಟೋವನ್ನು, ರೋಗಿ ಕುಳಿತಿರುವಾಗ ತೆಗೆದ ಹೊಟ್ಟೆಯ ಫೋಟೋದ ಜೊತೆಗೆ ತೋರಿಸಿ.